ಉಳ್ಳಾಲದ ಗರುಡ: ರೂಪ, ನೆಲೆ ಮತ್ತು ಜನಪದ ನಂಬಿಕೆ

ಜನಪದರ ಪ್ರಾಣಿ–ಪಕ್ಷಿ ಲೋಕವನ್ನು ಕುರಿತು ನಮ್ಮಲ್ಲಿ ನಡೆದಿರುವ ಅಧ್ಯಯನಗಳು ಬಹುಮಟ್ಟಿಗೆ ಕಥೆ, ಗಾದೆ, ಒಗಟು ಮತ್ತು ಶಕುನಗಳ ಸುತ್ತಲೇ ಸುಳಿದಿವೆ. ಹಕ್ಕಿಯೊಂದರ ಬಗೆಗಿನ ನಂಬಿಕೆಯನ್ನು ಶ್ರದ್ಧೆಯಿಂದ ದಾಖಲಿಸುವ ನಾವು, ಆ ಹಕ್ಕಿ ಯಾವುದು, ಏನನ್ನು ತಿಂದು ಬದುಕುತ್ತದೆ, ಯಾವ ಮರದಲ್ಲಿ ಗೂಡು ಕಟ್ಟುತ್ತದೆ ಎಂಬ ಪ್ರಶ್ನೆಗಳನ್ನು ಪ್ರಾಣಿಶಾಸ್ತ್ರಜ್ಞರಿಗೆ ಬಿಟ್ಟುಕೊಟ್ಟಿದ್ದೇವೆ. ಇದರ ಫಲವಾಗಿ ನಂಬಿಕೆ ಒಂದು ಕಡೆ, ಹಕ್ಕಿ ಇನ್ನೊಂದು ಕಡೆ ಉಳಿದುಬಿಟ್ಟಿವೆ. ಗರುಡನ ವಿಷಯದಲ್ಲಿ ಈ ಅಗಲಿಕೆ ಎದ್ದು ಕಾಣುತ್ತದೆ. ಪುರಾಣದ ಗರುಡನನ್ನು ಕುರಿತು ಬೇಕಾದಷ್ಟು ಬರೆದಿದ್ದೇವೆ. ಆದರೆ ತುಳುನಾಡಿನ ಆಕಾಶದಲ್ಲಿ ದಿನನಿತ್ಯ ಹಾರಾಡುವ ಗರುಡನನ್ನು ಕುರಿತು ಬರೆದದ್ದು ಅತ್ಯಲ್ಪ. ನೇತ್ರಾವತಿಯ ಅಳಿವೆಯ ದಕ್ಷಿಣ ದಂಡೆಯಲ್ಲಿರುವ ಉಳ್ಳಾಲವನ್ನು ಕೇಂದ್ರವಾಗಿಟ್ಟುಕೊಂಡು, ಈ ಹಕ್ಕಿಯ ರೂಪ ಮತ್ತು ನೆಲೆಗಳನ್ನು ವಿವರಿಸಿ, ಅವುಗಳಿಗೂ ಜನಪದ ನಂಬಿಕೆಗೂ ಇರುವ ಸಂಬಂಧವನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹೆಸರುಗಳ ಹಿನ್ನೆಲೆ

ಕನ್ನಡದಲ್ಲಿ ಗರುಡ, ಬಿಳಿ ಗರುಡ, ಗರುಡ ಹದ್ದು ಎಂದು ಕರೆಯಲಾಗುವ ಈ ಹಕ್ಕಿಗೆ ಇಂಗ್ಲಿಷಿನಲ್ಲಿ ‘ಬ್ರಾಹ್ಮಿನಿ ಕೈಟ್’ ಎಂಬ ಹೆಸರಿದೆ. ವೈಜ್ಞಾನಿಕ ನಾಮ ಹಾಲಿಯಾಸ್ಟರ್ ಇಂಡಸ್. ಫ್ರಾನ್ಸಿನ ಬ್ರಿಸ್ಸೋನ್ 1760ರಲ್ಲಿ ಪಾಂಡಿಚೇರಿಯಿಂದ ಬಂದ ಮಾದರಿಯನ್ನು ಆಧರಿಸಿ ಇದನ್ನು ವರ್ಣಿಸಿದನು. 1783ರಲ್ಲಿ ಬೊಡ್ಡಾರ್ಟ್ ಇದಕ್ಕೆ ಲ್ಯಾಟಿನ್ ಹೆಸರನ್ನಿಟ್ಟನು. ಸಂಸ್ಕೃತದ ‘ಕ್ಷೇಮಂಕರಿ’ ಎಂಬ ಪದವನ್ನು ಕೋಶಕಾರರು ಇದೇ ಹಕ್ಕಿಗೆ ಅನ್ವಯಿಸಿದ್ದಾರೆ. ಕ್ಷೇಮಂಕರಿ ಎಂಬುದು ದುರ್ಗೆಯ ಹೆಸರೂ ಆಗಿದೆ. ಮಲಯಾಳದಲ್ಲಿ ಇದು ಕೃಷ್ಣಪ್ಪರುಂದ್, ಬಂಗಾಳಿಯಲ್ಲಿ ಶಂಖಚಿಲ್. ಇವೆಲ್ಲವೂ ಹಕ್ಕಿಯ ಶುಭತ್ವವನ್ನೋ ಬಿಳುಪನ್ನೋ ಸೂಚಿಸುವ ಹೆಸರುಗಳೆಂಬುದನ್ನು ಗಮನಿಸಬೇಕು.

ತುಳುವಿನಲ್ಲಿ ಬೇಟೆಹಕ್ಕಿಗಳಿಗೆ ಸಾಮಾನ್ಯವಾಗಿ ‘ಗಿಡಿ’ ಎಂಬ ಪದವಿದೆ. ಕನ್ನಡದ ‘ಗಿಡುಗ’ದೊಂದಿಗೆ ಇದರ ನಂಟು ಸ್ಪಷ್ಟವಾಗಿದೆ. ಗಿಡಿ ಎಂದರೆ ಕೋಳಿಮರಿಯನ್ನು ಕೊಂಡೊಯ್ಯುವ, ಅಂಗಳದಿಂದ ಓಡಿಸಬೇಕಾದ ಹಕ್ಕಿ. ಗರುಡನಾದರೋ ಕೈಮುಗಿಯಬೇಕಾದ ಹಕ್ಕಿ. ಒಂದೇ ಕುಟುಂಬಕ್ಕೆ ಸೇರಿದ, ಒಂದೇ ಆಕಾಶದಲ್ಲಿ ಹಾರುವ ಹಕ್ಕಿಗಳನ್ನು ಭಾಷೆಯು ಹೀಗೆ ಎರಡು ಅಂತಸ್ತುಗಳಲ್ಲಿ ಇರಿಸಿದೆ. ಈ ವಿಂಗಡಣೆಗೆ ಆಧಾರವಾದುದು ಹಕ್ಕಿಯ ರೂಪ.

ರೂಪ ವಿವರ

ಪ್ರಾಯಕ್ಕೆ ಬಂದ ಗರುಡನನ್ನು ಗುರುತಿಸುವುದು ಕಷ್ಟವಲ್ಲ. ತಲೆ, ಕೊರಳು, ಎದೆ ಅಚ್ಚಬಿಳುಪು. ಬೆನ್ನು, ರೆಕ್ಕೆ, ಹೊಟ್ಟೆಯ ಕೆಳಭಾಗ ಮತ್ತು ಬಾಲ ಕೆಂಗಂದು. ಮಂಗಳೂರು ಹಂಚು ಒಂದೆರಡು ಮಳೆಗಾಲ ಕಂಡ ಮೇಲೆ ತಾಳುವ ಬಣ್ಣಕ್ಕೆ ಇದನ್ನು ಹೋಲಿಸಬಹುದು. ರೆಕ್ಕೆಯ ತುದಿಗರಿಗಳು ಕಪ್ಪು. ಕೊಕ್ಕು ಬಾಗಿ ಮೊನಚಾಗಿದ್ದು, ಕಾಲುಗಳು ಗಿಡ್ಡವಾಗಿ ಹಳದಿಯಾಗಿವೆ. ಕೊಕ್ಕಿನಿಂದ ಬಾಲದ ತುದಿಯವರೆಗಿನ ಉದ್ದ ಸುಮಾರು 45ರಿಂದ 51 ಸೆಂಟಿಮೀಟರ್. ಬಿಚ್ಚಿದ ರೆಕ್ಕೆಗಳ ಅಗಲ ಸುಮಾರು 110ರಿಂದ 125 ಸೆಂಟಿಮೀಟರ್. ಗಂಡು ಹೆಣ್ಣುಗಳ ಬಣ್ಣದಲ್ಲಿ ವ್ಯತ್ಯಾಸವಿಲ್ಲ; ಹೆಣ್ಣು ತುಸು ದೊಡ್ಡದು. ಕೂಗು ಮಾತ್ರ ಈ ಗಾಂಭೀರ್ಯಕ್ಕೆ ಹೊಂದುವುದಿಲ್ಲ. ಅದು ಎಳೆದೆಳೆದು ಅಳುವಂತಿರುವ ತೆಳುದನಿ.

ಎಳೆಯ ಹಕ್ಕಿಯ ರೂಪವೇ ಬೇರೆ. ಅದರ ಮೈಯೆಲ್ಲ ಕಂದು. ತಲೆ ಮತ್ತು ಎದೆಯ ಮೇಲೆ ಮಾಸಲು ಗೀರುಗಳು. ಬಿಳಿಯ ಎದೆಯೂ ಕೆಂಗಂದು ರೆಕ್ಕೆಯೂ ಪೂರ್ಣವಾಗಿ ಮೂಡಲು ಎರಡು ಮೂರು ವರ್ಷಗಳು ಬೇಕು. ಅಲ್ಲಿಯವರೆಗೆ ಅದನ್ನು ಸಾಮಾನ್ಯ ಹದ್ದಿನಿಂದ ಬೇರ್ಪಡಿಸಲು ಪಳಗಿದ ಕಣ್ಣೇ ಬೇಕಾಗುತ್ತದೆ. ಹದ್ದಿನ ಬಾಲದ ಅಂಚು ಕವಲೊಡೆದಿರುತ್ತದೆ. ಗರುಡನ ಬಾಲದ ಅಂಚು ಎಳೆತನದಲ್ಲಿಯೂ ದುಂಡಗಿರುತ್ತದೆ.

ಜನಪದ ವರ್ಗೀಕರಣದ ದೃಷ್ಟಿಯಿಂದ ಇದು ಕುತೂಹಲಕಾರಿಯಾದ ಸಂಗತಿ. ಗೂಡು ಬಿಟ್ಟ ಗರುಡನ ಮರಿಯನ್ನು ಯಾರೂ ಗರುಡನೆನ್ನುವುದಿಲ್ಲ. ಅದು ಗಿಡಿಯೆನಿಸಿಕೊಂಡು ಕಲ್ಲೆಸೆತಕ್ಕೂ ಗುರಿಯಾಗುತ್ತದೆ. ಎದೆ ಬೆಳ್ಳಗಾದ ದಿನದಿಂದ ಅದೇ ಹಕ್ಕಿ ಪೂಜ್ಯವಾಗುತ್ತದೆ. ಜನಪದರು ವಂದಿಸುವುದು ಒಂದು ಜೀವಜಾತಿಗಲ್ಲ, ಒಂದು ವರ್ಣರೂಪಕ್ಕೆ ಎಂಬುದು ಇದರಿಂದ ತಿಳಿದುಬರುತ್ತದೆ.

ಇದೇ ಕಾರಣದಿಂದ ಇನ್ನೊಂದು ಹಕ್ಕಿ ಗರುಡನ ಹೆಸರಿನ ನೆರಳಿನಲ್ಲಿ ಮರೆಯಾಗಿದೆ. ಕರಾವಳಿಯ ಬಿಳಿಹೊಟ್ಟೆಯ ಕಡಲ ಹದ್ದು ಗರುಡನಿಗಿಂತ ಬಹಳ ದೊಡ್ಡದು. ಅದರ ರೆಕ್ಕೆಗಳ ಅಗಲ ಸುಮಾರು ಎರಡು ಮೀಟರ್. ತಲೆ ಮತ್ತು ಹೊಟ್ಟೆ ಬಿಳಿ, ಬೆನ್ನು ಬೂದು. ಬಾಲ ಮೊಟಕಾಗಿ ಬೆಣೆಯಾಕಾರದಲ್ಲಿರುತ್ತದೆ. ರೆಕ್ಕೆಗಳನ್ನು ಮೇಲಕ್ಕೆತ್ತಿ ಹಿಡಿದು ತೇಲುವುದು ಅದರ ಲಕ್ಷಣ. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪ ಅದರ ಪ್ರಸಿದ್ಧ ಗೂಡುತಾಣ. ದಕ್ಷಿಣದ ಕಡಲಂಚಿನಲ್ಲಿಯೂ ಅದು ಕಾಣಸಿಗುತ್ತದೆ. ದೂರದಿಂದ ಕಂಡವರು ಅದನ್ನೂ ‘ದೊಡ್ಡ ಗರುಡ’ವೆಂದು ಬಗೆಯುವುದುಂಟು. ಗರುಡನಿಗಿಂತ ವಿರಳವಾದ, ನೆಲೆಯ ವಿಷಯದಲ್ಲಿ ಹೆಚ್ಚು ಸೂಕ್ಷ್ಮವಾದ ಈ ಹಕ್ಕಿಗೆ ಸ್ವಂತ ಹೆಸರಿನ ಮನ್ನಣೆ ದೊರೆತಿಲ್ಲ.

ಉಳ್ಳಾಲದ ನೆಲೆ

ಗರುಡ ನೀರಿನ ಹಕ್ಕಿ. ಒಳನಾಡಿನ ಕೆರೆ, ಹೊಳೆ, ಗದ್ದೆಗಳ ಬಳಿಯೂ ಅದು ಬದುಕುತ್ತದೆಯಾದರೂ ಅದರ ನಿಜವಾದ ತವರು ಕಡಲು ಮತ್ತು ಹೊಳೆ ಕೂಡುವ ಜಾಗ. ಉಳ್ಳಾಲದ ಭೂರಚನೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಉತ್ತರಕ್ಕೆ ನೇತ್ರಾವತಿ ಮತ್ತು ಗುರುಪುರ ಹೊಳೆಗಳು ಒಟ್ಟಾಗಿ ಕಡಲು ಸೇರುವ ಅಳಿವೆ. ಅದಕ್ಕೆ ಚಾಚಿಕೊಂಡ ಕೋಟೆಪುರದ ಮರಳ ನಾಲಿಗೆ. ಪಶ್ಚಿಮಕ್ಕೆ ಮೊಗವೀರಪಟ್ಣದಿಂದ ಸೋಮೇಶ್ವರದ ಬಂಡೆಗಳವರೆಗೆ, ಮುಂದೆ ಉಚ್ಚಿಲದವರೆಗೆ ಹಬ್ಬಿದ ಕಡಲ ಕಿನಾರೆ. ಹೊಳೆಬದಿಯಲ್ಲಿ ಅಲ್ಲಲ್ಲಿ ಉಳಿದಿರುವ ಕಾಂಡ್ಲಾ ಪೊದೆಗಳು. ಮನೆ ಮನೆಯ ತೆಂಗಿನ ತೋಟ. ಪೂರ್ವಕ್ಕೆ ಗದ್ದೆ ಬಯಲು, ಅದರಾಚೆ ದೇರಳಕಟ್ಟೆ–ಕೊಣಾಜೆಯ ಮುರಕಲ್ಲಿನ ಗುಡ್ಡಗಳು. ಕೆಲವೇ ಮೈಲಿಗಳ ಅಂತರದಲ್ಲಿ ಇಷ್ಟು ಬಗೆಯ ನೆಲೆಗಳು ಒಟ್ಟಾಗಿರುವುದು ಬೇಟೆಹಕ್ಕಿಗೆ ದೊಡ್ಡ ಅನುಕೂಲ.

ಈ ನೆಲೆಗಳನ್ನು ಗರುಡ ಹೊತ್ತು ನೋಡಿ ಬಳಸುತ್ತದೆ. ಇಳಿತದ ವೇಳೆ ಅಳಿವೆಯ ಕೆಸರು ತೆರೆದುಕೊಂಡಾಗ ಏಡಿ ಮತ್ತು ಸಿಕ್ಕಿಬಿದ್ದ ಸಣ್ಣ ಮೀನು ಅದರ ಆಹಾರ. ಉಬ್ಬರದಲ್ಲಿ ನೀರ ಮೇಲೆ ತೇಲಿಬಂದ ಸತ್ತ ಮೀನನ್ನು ಹಾರುತ್ತಲೇ ಕಾಲುಗುರಿನಿಂದ ಎತ್ತಿಕೊಳ್ಳುತ್ತದೆ. ಮೀನುಗಿಡುಗನಂತೆ ನೀರಿಗೆ ಧುಮುಕುವ ಸಾಹಸ ಇದಕ್ಕೆ ವಿರಳ. ಬೇರೆ ಹಕ್ಕಿಗಳು ಹಿಡಿದುದನ್ನು ಅಟ್ಟಾಡಿಸಿ ಕಸಿದುಕೊಳ್ಳುವುದೂ ಉಂಟು. ಅಮೃತಕಲಶವನ್ನು ಕಸಿದು ತಂದ ಪುರಾಣದ ವೈನತೇಯನಿಗೆ ಈ ಗುಣ ಒಪ್ಪುವಂಥದೇ. ಆದರೆ ಒಟ್ಟಿನಲ್ಲಿ ನೋಡಿದರೆ ಗರುಡ ಬೇಟೆಗಾರನಿಗಿಂತ ಹೆಚ್ಚಾಗಿ ದಂಡೆಯನ್ನು ಶುಚಿಗೊಳಿಸುವ ಹಕ್ಕಿ. ನಾವು ‘ಹೊಲಸು’ ಎಂದು ಬಿಡುವುದನ್ನು ಉಂಡು ಬದುಕುವ ಹಕ್ಕಿಯೇ ನಮ್ಮ ಆಕಾಶದ ಅತಿ ಶುಚಿಯಾದ ಸಂಕೇತವಾಗಿದೆ.

ಮಳೆಗಾಲದಲ್ಲಿ ಈ ಹಕ್ಕಿಯ ಸಂಚಾರ ಬದಲಾಗುತ್ತದೆ. ಮಳೆಯನ್ನು ಅನುಸರಿಸಿ ಗರುಡಗಳು ಸ್ಥಳಾಂತರ ಮಾಡುವುದನ್ನು ಪಕ್ಷಿತಜ್ಞರು ಗುರುತಿಸಿದ್ದಾರೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ದಕ್ಕೆಯೂ ಆಗ ಬರಿದಾಗಿರುತ್ತದೆ. ನೀರು ತುಂಬಿದ ಗದ್ದೆಯ ಏಡಿ, ಕಪ್ಪೆಗಳು ಆಗ ಹಕ್ಕಿಗೆ ಆಧಾರ. ಆದ್ದರಿಂದ ಉಳ್ಳಾಲದ ಗರುಡನಿಗೆ ಕಡಲೊಂದೇ ಸಾಲದು. ಕಡಲು ಮುಚ್ಚಿದಾಗ ತೆರೆದುಕೊಳ್ಳುವ ಗದ್ದೆಯೂ ಬೇಕು.

ರಂಪಣಿಯಿಂದ ದಕ್ಕೆಗೆ

ಮೀನುಗಾರಿಕೆಯ ವಿಧಾನ ಬದಲಾದಂತೆ ಹಕ್ಕಿಯ ಅನ್ನದ ದಾರಿಯೂ ಬದಲಾಗುವುದು ಸಹಜ. 1970ರ ದಶಕದ ನಡುಭಾಗದವರೆಗೆ ಈ ಕಿನಾರೆಯ ಪ್ರಧಾನ ಬಲೆ ರಂಪಣಿ. ಹತ್ತಾರು ಮಂದಿ ಎರಡೂ ತುದಿಗಳಿಂದ ಹಗ್ಗ ಹಿಡಿದು ಬಲೆಯನ್ನು ಮರಳಿಗೆ ಎಳೆಯುತ್ತಿದ್ದರು. ಬೂತಾಯಿ, ಬಂಗುಡೆಗಳನ್ನು ಪಾಲು ಹಾಕಿಕೊಂಡ ಮೇಲೆ ಬೇಡವಾದ ಸಣ್ಣ ಮೀನು ಮರಳಲ್ಲಿ ಉಳಿಯುತ್ತಿತ್ತು. ಅದು ಕಾಗೆ, ಹದ್ದು, ಗರುಡಗಳ ಪಾಲು. ಮಿಕ್ಕಿದ್ದು ತೆಂಗಿನ ಬುಡಕ್ಕೆ ಗೊಬ್ಬರ. ಪರ್ಸೀನ್ ಬಲೆ ಮತ್ತು ಟ್ರಾಲ್ ದೋಣಿಗಳು ಬಂದ ಮೇಲೆ ಮೀನು ಕಿನಾರೆಯ ಬದಲು ದಕ್ಕೆಯಲ್ಲಿ ಇಳಿಯತೊಡಗಿತು. ಊರೂರಿನ ಮರಳಲ್ಲಿ ಹರಡಿದ್ದ ಅನ್ನ ಒಂದೆರಡು ಕಡೆ ರಾಶಿಯಾಯಿತು. ಇಂಥ ರಾಶಿಯ ಎದುರು ಗುಂಪುಗುಂಪಾಗಿ ಎರಗುವ ಹದ್ದಿನದೇ ಮೇಲುಗೈ. ಮಂಗಳೂರಿನ ದಕ್ಕೆಯ ಮೇಲೆ ಹಾರಾಡುವ ಹಕ್ಕಿಗಳನ್ನು ಗಮನಿಸಿದವರಿಗೆ ಇದು ತಿಳಿದೇ ಇದೆ.

ಇನ್ನೊಂದು ಬದಲಾವಣೆಯೂ ನಡೆದಿದೆ. ಕೋಟೆಪುರದಲ್ಲಿ ಮೀನಿನ ಹಿಟ್ಟು ಮತ್ತು ಎಣ್ಣೆ ತೆಗೆಯುವ ಕಾರ್ಖಾನೆಗಳಿವೆ. ಹಿಂದೆ ‘ಬೇಡದ ಮೀನು’ ಎನಿಸಿಕೊಂಡಿದ್ದಕ್ಕೆ ಈಗ ಬೆಲೆ ಇದೆ. ಅಲ್ಲಿಯ ದುಡಿಮೆ ಅನೇಕ ಕುಟುಂಬಗಳ ಅನ್ನವೆಂಬುದು ನಿಜ. ಆದರೆ ಉಳಿಕೆಯೇ ಸರಕಾದಾಗ, ಉಳಿಕೆಯನ್ನು ನೆಚ್ಚಿದ ಜೀವಿಗಳ ಪಾಲು ಕಿರಿದಾಗುತ್ತದೆ ಎಂಬುದೂ ಅಷ್ಟೇ ನಿಜ.

ಗೂಡಿನ ಮರ

ದಕ್ಷಿಣ ಏಷ್ಯಾದಲ್ಲಿ ಗರುಡ ಗೂಡು ಕಟ್ಟುವ ಕಾಲ ಡಿಸೆಂಬರಿನಿಂದ ಏಪ್ರಿಲ್. ನೀರಿಗೆ ಹತ್ತಿರವಾದ ಎತ್ತರದ ಮರವೇ ಅದಕ್ಕೆ ಬೇಕು. ಕಡ್ಡಿಗಳನ್ನು ಹೆಣೆದ ಗೂಡಿನ ನಡುವೆ ಎಲೆ, ಚಿಂದಿಗಳ ಹಾಸು. ಸಾಮಾನ್ಯವಾಗಿ ಎರಡು ಮೊಟ್ಟೆಗಳು; ಸುಮಾರು 26–27 ದಿನಗಳ ಕಾವು. ಗೂಡು ಕಟ್ಟುವುದೂ ಮರಿಗೆ ಉಣಿಸುವುದೂ ಗಂಡು ಹೆಣ್ಣುಗಳೆರಡರ ಕೆಲಸ. ಎಲ್ಲಕ್ಕಿಂತ ಮುಖ್ಯವಾದುದೆಂದರೆ, ಜೋಡಿಯು ವರ್ಷ ವರ್ಷವೂ ಅದೇ ಆವರಣಕ್ಕೆ ಮರಳುತ್ತದೆ. ಮರವೊಂದು ಉರುಳಿದರೆ ಆ ಜೋಡಿ ಕಳೆದುಕೊಳ್ಳುವುದು ಒಂದು ವರ್ಷದ ಗೂಡನ್ನು ಮಾತ್ರವಲ್ಲ, ಪಾರಂಪರಿಕ ನೆಲೆಯನ್ನು.

ಉಳ್ಳಾಲದಲ್ಲಿ ಮರಗಳು ಎರಡು ಕಡೆಯಿಂದ ಕಡಿಮೆಯಾಗುತ್ತಿವೆ. ಕಡಲ ಬದಿಯಿಂದ ಕಡಲ್ಕೊರೆತ. ಮಳೆಗಾಲದ ಅಲೆಗಳಿಗೆ ತೆಂಗು, ಗಾಳಿಮರಗಳು ಬುಡ ಸಮೇತ ಉರುಳುವುದು ಇಲ್ಲಿ ಹೊಸ ಸುದ್ದಿಯಲ್ಲ, ಮನೆಗಳೂ ಹೋಗಿವೆ. ಏಷ್ಯಾ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ 2010ರ ನಂತರ ಕೈಗೊಂಡ ಕರಾವಳಿ ರಕ್ಷಣಾ ಯೋಜನೆಯಲ್ಲಿ ಉಳ್ಳಾಲಕ್ಕೆ ಆದ್ಯತೆ ದೊರೆತದ್ದು ಈ ಕಾರಣದಿಂದಲೇ. ನೆಲದ ಬದಿಯಿಂದ ಊರಿನ ಬೆಳವಣಿಗೆ. ತೋಟಗಳು ನಿವೇಶನಗಳಾಗುವಾಗ ಮೊದಲು ಬೀಳುವುದು ಹಳೆಯ, ಎತ್ತರದ ಮರ.

ನಂಬಿಕೆ ಮತ್ತು ಋತು

ತುಳುನಾಡಿನ ದೇವಸ್ಥಾನಗಳ ಬ್ರಹ್ಮಕಲಶೋತ್ಸವದಲ್ಲಿ, ಕಲಶಾಭಿಷೇಕದ ಹೊತ್ತಿಗೆ ಗರುಡ ಬಂದು ಗರ್ಭಗುಡಿಯ ಮೇಲೆ ಸುತ್ತು ಹಾಕಿದರೆ ಕ್ರಿಯೆ ಸಾಂಗವಾಯಿತೆಂದು ಭಾವಿಸುತ್ತಾರೆ. ರಥೋತ್ಸವಗಳಲ್ಲಿಯೂ ಇದೇ ನಿರೀಕ್ಷೆ. ವಿಷ್ಣುವಿನ ವಾಹನವಾದರೂ ಶಿವಾಲಯ, ದೇವಿ ಗುಡಿ, ದೈವಸ್ಥಾನಗಳ ಮೇಲೆಯೂ ಗರುಡ ಸುಳಿದರೆ ಶುಭವೇ. ಶಾಸ್ತ್ರದ ಗರುಡನಿಗೆ ಒಡೆಯನೊಬ್ಬನಿದ್ದಾನೆ. ಜನಪದರ ಗರುಡ ಎಲ್ಲ ಗುಡಿಗಳಿಗೂ ಸಾಕ್ಷಿ. ಆಕಾಶದಲ್ಲಿ ಗರುಡನನ್ನು ಕಂಡೊಡನೆ ಕೈಜೋಡಿಸುವುದು, ಬೆರಳುಗಳಿಂದ ಕೆನ್ನೆ ಮುಟ್ಟಿಕೊಳ್ಳುವುದು ಇಂದಿಗೂ ರೂಢಿಯಲ್ಲಿದೆ. ನೆರೆಯ ಕೇರಳದಲ್ಲಿ ಶಬರಿಮಲೆಯ ತಿರುವಾಭರಣ ಮೆರವಣಿಗೆಯ ಮೇಲೆ ಕೃಷ್ಣಪ್ಪರುಂದ್ ಹಾರುವುದನ್ನು ಜನ ಕಾದು ನೋಡುತ್ತಾರೆ.

ಈ ನಂಬಿಕೆಯನ್ನು ಹಕ್ಕಿಯ ಜೀವನಕ್ರಮದೊಂದಿಗೆ ಇಟ್ಟು ನೋಡಿದಾಗ ಒಂದು ಹೊಂದಾಣಿಕೆ ಕಾಣುತ್ತದೆ. ಬ್ರಹ್ಮಕಲಶಗಳು ಬಹುತೇಕ ನಡೆಯುವುದು ಮಕರ ಸಂಕ್ರಮಣದ ಅನಂತರ, ಮಳೆ ಹಿಡಿಯುವ ಮುನ್ನ. ಗರುಡ ಗೂಡು ಕಟ್ಟಿ ಮರಿ ಮಾಡುವ ಕಾಲವೂ ಹೆಚ್ಚುಕಡಿಮೆ ಅದೇ. ಆಗ ಜೋಡಿಗಳು ತಮ್ಮ ಆವರಣದ ಮೇಲೆ ಮತ್ತೆ ಮತ್ತೆ ಸುತ್ತುತ್ತವೆ. ಬೆಳಗು ಏರಿದಂತೆ ನೆಲ ಕಾದು ಬಿಸಿಗಾಳಿ ಮೇಲೇಳುತ್ತದೆ. ರೆಕ್ಕೆ ಬಡಿಯದೆ ವೃತ್ತಾಕಾರವಾಗಿ ಏರಲು ಹಕ್ಕಿಗೆ ಅದೇ ತಕ್ಕ ಹೊತ್ತು. ಕಲಶದ ಮುಹೂರ್ತಗಳು ಹಲವು ಬಾರಿ ಇದೇ ಹೊತ್ತಿನಲ್ಲಿ ಬರುತ್ತವೆ. ದೇವಸ್ಥಾನಗಳಾದರೋ ಹಳೆಯ ಮರ, ಕೆರೆ, ಗದ್ದೆಗಳ ಮಗ್ಗುಲಲ್ಲಿಯೇ ಇರುವಂಥವು.

ಈ ವಿವರಣೆಯಿಂದ ನಂಬಿಕೆಯನ್ನು ಅಲ್ಲಗಳೆಯುವುದು ಇಲ್ಲಿಯ ಉದ್ದೇಶವಲ್ಲ. ಗರುಡ ಬಂದುದು ಹೇಗೆ ಎಂಬ ಪ್ರಶ್ನೆಗೆ ಭಕ್ತನ ಉತ್ತರ ಒಂದು, ಪಕ್ಷಿತಜ್ಞನ ಉತ್ತರ ಇನ್ನೊಂದು. ಆದರೆ ಗರುಡ ಬರಬೇಕಾದರೆ ಗುಡಿಯ ಆಸುಪಾಸಿನಲ್ಲಿ ಅದರ ಗೂಡಿಗೆ ಮರವೂ ಆಹಾರಕ್ಕೆ ನೀರಿನ ನೆಲೆಯೂ ಇರಬೇಕು ಎಂಬಲ್ಲಿ ಈ ಎರಡು ಉತ್ತರಗಳೂ ಕೂಡುತ್ತವೆ. ಗರುಡನ ಆಗಮನ ಶುಭಸೂಚಕವೆಂಬ ಮಾತಿನ ಭೌತಿಕ ಅರ್ಥವೂ ಇದೇ: ಆ ಊರಿನ ನೀರು, ಮರ, ಮಣ್ಣುಗಳು ಇನ್ನೂ ಆರೋಗ್ಯವಾಗಿವೆ.

ನಾಗನ ಬನ, ಗರುಡನ ಮರ

ಪುರಾಣದಲ್ಲಿ ವಿನತೆಯ ಮಗನಾದ ಗರುಡನಿಗೂ ಕದ್ರುವಿನ ಮಕ್ಕಳಾದ ನಾಗರಿಗೂ ಹಗೆ. ತುಳುನಾಡಿನಲ್ಲಿ ನಾಗನಿಗೆ ಬನವಿದೆ, ಗರುಡನಿಗೆ ಬನವಿಲ್ಲ. ಆದರೆ ಊರಿನ ಉಳಿದ ಮರಗಳೆಲ್ಲ ಕಡಿದು ಹೋದ ಕಡೆಗಳಲ್ಲಿಯೂ ಕೊಡಲಿ ತಾಗದೆ ಉಳಿದ ಎತ್ತರದ ಮರಗಳಿರುವುದು ನಾಗಬನಗಳಲ್ಲಿ. ಎತ್ತರದ ಮರವನ್ನು ಅರಸುವ ಬೇಟೆಹಕ್ಕಿಗೆ ಆಸರೆಯಾಗಬಲ್ಲ ಜಾಗವೂ ಅದೇ. ಕಥೆಯಲ್ಲಿ ಶತ್ರುಗಳಾದವರು ನೆಲದ ಮೇಲೆ ಒಂದೇ ಬನದ ಒಕ್ಕಲುಗಳು.

ಕಳೆದ ಕೆಲವು ದಶಕಗಳಲ್ಲಿ ಜೀರ್ಣೋದ್ಧಾರದ ಹೆಸರಿನಲ್ಲಿ ಅನೇಕ ನಾಗಬನಗಳ ಮರ–ಬಳ್ಳಿಗಳನ್ನು ತೆಗೆದು, ಕಾಂಕ್ರೀಟು ಕಟ್ಟೆ ಮಾಡಿ, ನೆಲಕ್ಕೆ ಹಾಸುಗಲ್ಲು ಹಾಕಲಾಗಿದೆ. ಹುತ್ತಕ್ಕೆ ಜಾಗವಿಲ್ಲದ ನಾಗಬನ, ಕೊಂಬೆಯಿಲ್ಲದ ನಾಗಬನ ಇಂದು ಅಪರೂಪದ ದೃಶ್ಯವಲ್ಲ. ವಿಪರ್ಯಾಸವೆಂದರೆ, ಹೀಗೆ ನವೀಕರಿಸಿದ ಸ್ಥಳದ ಪ್ರತಿಷ್ಠೆಯ ದಿನವೇ ಜನ ತಲೆಯೆತ್ತಿ ಗರುಡನನ್ನು ಹುಡುಕುತ್ತಾರೆ.

ಸಂಕೇತ ಉಳಿದು ಹಕ್ಕಿ ಅಳಿದರೆ

ಗರುಡನನ್ನು ಗೌರವಿಸುವವರು ನಾವು ಮಾತ್ರವಲ್ಲ. ಬೋರ್ನಿಯೊ ದ್ವೀಪದ ಇಬಾನ್ ಬುಡಕಟ್ಟಿನವರ ಯುದ್ಧದೇವತೆ ಸಿಂಗಲಾಂಗ್ ಬುರೊಂಗ್ ಈ ಹಕ್ಕಿಯ ರೂಪದಲ್ಲಿಯೇ ಕಾಣಿಸಿಕೊಳ್ಳುತ್ತಾನೆಂಬ ನಂಬಿಕೆಯಿದೆ. ಮಲೇಶಿಯಾದ ಲಂಗ್ಕಾವಿಯಲ್ಲಿ ಇದರ ಬೃಹತ್ ಪ್ರತಿಮೆಯಿದೆ. ಇಂಡೊನೇಷಿಯಾದ ಜಕಾರ್ತ ನಗರವು 1989ರಲ್ಲಿ ಇದನ್ನು ತನ್ನ ಲಾಂಛನ ಪಕ್ಷಿಯಾಗಿ ಆರಿಸಿಕೊಂಡಿತು. ಆದರೆ ಅದೇ ನಗರದ ಆಕಾಶದಲ್ಲಿ ಹಕ್ಕಿ ಅತಿ ವಿರಳವಾಯಿತು. ಸಮೀಪದ ದ್ವೀಪದಲ್ಲಿ ಸೆರೆಯ ಹಕ್ಕಿಗಳನ್ನು ಪಳಗಿಸಿ ಮತ್ತೆ ಬಿಡುವ ಪ್ರಯತ್ನಗಳನ್ನು ಮಾಡಬೇಕಾಯಿತು.

ನಮ್ಮಲ್ಲಿಯೂ ಇಂಥ ಪಾಠವಿದೆ. ಜಟಾಯುವಿನ ಕಥೆಯನ್ನು ಅರಿಯದ ಮನೆಯಿಲ್ಲ. ಆದರೂ ಜಾನುವಾರುಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ಔಷಧಿಯಿಂದ ದೇಶದ ರಣಹದ್ದುಗಳು ಕೆಲವೇ ವರ್ಷಗಳಲ್ಲಿ ನಾಶದ ಅಂಚಿಗೆ ಬಂದವು. 2006ರಲ್ಲಿ ಜಾನುವಾರುಗಳಿಗೆ ಅದರ ಬಳಕೆಯನ್ನು ನಿಷೇಧಿಸಲಾಯಿತು. 2012ರಲ್ಲಿ ರಾಮನಗರದ ರಾಮದೇವರಬೆಟ್ಟವನ್ನು ರಣಹದ್ದುಗಳ ಧಾಮವೆಂದು ಘೋಷಿಸಲಾಯಿತು. ಕಥೆಯ ಗೌರವ ಹಕ್ಕಿಯನ್ನು ಕಾಯಲಿಲ್ಲ; ಅದರ ಆಹಾರ ಮತ್ತು ನೆಲೆಗಳನ್ನು ಕಾಯಬೇಕಾಯಿತು.

ಗರುಡನ ಸ್ಥಿತಿ ಅಷ್ಟು ಕೆಟ್ಟಿಲ್ಲವೆಂಬುದು ಸಮಾಧಾನದ ಸಂಗತಿ. ಜಾಗತಿಕವಾಗಿ ಇದನ್ನು ಅಳಿವಿನ ಭೀತಿಯಿಲ್ಲದ ಹಕ್ಕಿಗಳ ಸಾಲಿನಲ್ಲಿಯೇ ಇರಿಸಲಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇದಕ್ಕೆ ರಕ್ಷಣೆ ನೀಡಿದೆ. ಆದರೆ ಕಾಯಿದೆಯಾಗಲಿ ನಂಬಿಕೆಯಾಗಲಿ ತಡೆಯುವುದು ಹಕ್ಕಿಯ ಕೊಲೆಯನ್ನು. ಅದರ ಗೂಡಿರುವ ತೆಂಗನ್ನು ಕಡಿಯುವವನು ಪಾಪಪ್ರಜ್ಞೆಯನ್ನು ಅನುಭವಿಸುವುದಿಲ್ಲ. ಕಾಂಡ್ಲಾ ಪೊದೆಗೆ ಮಣ್ಣು ತುಂಬುವವನಿಗೆ ಗರುಡನ ನೆನಪಾಗುವುದಿಲ್ಲ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಸ್ಪಷ್ಟವಾಗುವುದು ಇಷ್ಟು: ಜನಪದ ನಂಬಿಕೆಯು ಗರುಡನ ರೂಪವನ್ನು ಪೂಜ್ಯವಾಗಿಸಿದೆ, ನೆಲೆಯನ್ನು ಪೂಜ್ಯವಾಗಿಸಿಲ್ಲ. ಹಿಂದೆ ಇದರ ಅಗತ್ಯವೂ ಇರಲಿಲ್ಲ. ಮರ, ಗದ್ದೆ, ಅಳಿವೆಗಳು ತಮ್ಮಷ್ಟಕ್ಕೆ ಇದ್ದವು. ಈಗ ಆ ಕಾಲ ಕಳೆದಿದೆ. ಜಾನಪದ ವಿದ್ವಾಂಸರು ಈ ದಿಸೆಯಲ್ಲಿ ಮಾಡಬಹುದಾದ ಕೆಲಸವಿದೆ. ಉಳ್ಳಾಲದಂಥ ಊರುಗಳಲ್ಲಿ ತುಳು, ಬ್ಯಾರಿ, ಕೊಂಕಣಿ, ಮಲಯಾಳ, ಕನ್ನಡಗಳಲ್ಲಿ ಬೇಟೆಹಕ್ಕಿಗಳಿಗಿರುವ ಹೆಸರುಗಳನ್ನು, ರಂಪಣಿ ಎಳೆದ ಹಿರಿಯರು ಬದುಕಿರುವಾಗಲೇ, ಹಕ್ಕಿಯ ಎಳೆಯ–ಬಲಿತ ರೂಪಗಳೊಡನೆ ಸೇರಿಸಿ ದಾಖಲಿಸಬೇಕು. ಗೂಡಿರುವ ಮರಗಳನ್ನು ಊರವರೇ ಗುರುತಿಸಿ, ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಅವಕ್ಕೆ ಕೊಡಲಿ ಹಾಕದಂತೆ ಕಟ್ಟುಪಾಡು ಮಾಡಿಕೊಳ್ಳಬಹುದು. ಜೀರ್ಣೋದ್ಧಾರದ ಸಮಿತಿಗಳು ಕಟ್ಟೆಯ ನಕ್ಷೆ ಬರೆಯುವ ಮೊದಲು ಬನದ ಮರಗಳನ್ನು ಎಣಿಸಿ ಉಳಿಸಿಕೊಳ್ಳುವುದು ಹೊಸ ಆಚಾರವೇನೂ ಅಲ್ಲ. ಬನವೆಂಬ ಮಾತಿನ ಮೂಲ ಅರ್ಥವೇ ಅದು. ಕಲಶದ ದಿನ ಗರುಡ ಬರಲೆಂದು ಹಾರೈಸುವ ಊರು, ಉಳಿದ ದಿನಗಳಲ್ಲಿ ಅದು ಕೂರುವ ಕೊಂಬೆಯನ್ನು ಉಳಿಸಿಕೊಳ್ಳುವುದು ಆ ಹಾರೈಕೆಯದೇ ಭಾಗವಾಗಬೇಕಾಗಿದೆ.